ಕಾಟಾದ ಪಕ್ಕದ ಸರ್ವರ್, ಮುಂಬೈಯ ಸರ್ವರ್: ಕಲಬುರಗಿಯ ದಾಲ್‌ಮಿಲ್ಲೊಂದರಲ್ಲಿ ಎರಡನ್ನೂ ಬಳಸಿದ ಮೇಲೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿರುವ ಒಂದು ತೊಗರಿ ಬೇಳೆ ಮಿಲ್ಲು, ನೆಹರು ಗಂಜ್ ಎಂಬ ಮಾರುಕಟ್ಟೆಯಲ್ಲಿರುವ ಅದರ ಖರೀದಿ ಅಂಗಡಿ, ಇವೆರಡರ ಲೆಕ್ಕಪತ್ರ ಮತ್ತು ಕಂಪ್ಯೂಟರುಗಳ ಉಸ್ತುವಾರಿ ನನ್ನದು. ನಮ್ಮ ಹಳೆಯ ಸರ್ವರಿನಲ್ಲಿ (ಉಳಿದ ಕಂಪ್ಯೂಟರುಗಳಿಗೆ ದತ್ತಾಂಶ ಒದಗಿಸುವ ಮುಖ್ಯ ಯಂತ್ರದಲ್ಲಿ) ಇದ್ದ ವಿಂಡೋಸ್ ಸರ್ವರ್ 2012 ಆರ್2 ಆವೃತ್ತಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿತ್ತು. ಅಂದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಉಚಿತ ತಿದ್ದುಪಡಿ ಬರುವುದು ನಿಂತಿತ್ತು. ಹೊಸ ಯಂತ್ರ ಕೊಂಡು ಕಚೇರಿಯಲ್ಲೇ ಇಡುವುದೋ, ಎಲ್ಲವನ್ನೂ ಕ್ಲೌಡ್‌ಗೆ (ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವ ದೂರದ ಸರ್ವರಿಗೆ) ಒಯ್ಯುವುದೋ ಎಂಬ ಪ್ರಶ್ನೆ ಆಗ ಎದುರಾಯಿತು. ಕಚೇರಿಯ ಟವರ್ ಸರ್ವರ್, ಮರುಮಾರಾಟಗಾರರೊಬ್ಬರಿಂದ ತಿಂಗಳ ಬಾಡಿಗೆಗೆ ಪಡೆದ ಕ್ಲೌಡ್ ಟ್ಯಾಲಿ (ಟ್ಯಾಲಿ ಎಂದರೆ ಲೆಕ್ಕ ಬರೆಯುವ ತಂತ್ರಾಂಶ), ದೊಡ್ಡ ಕಂಪನಿಯೊಂದರ ಮುಂಬೈ ಕೇಂದ್ರದಲ್ಲಿ ನಾವೇ ಖಾತೆ ತೆರೆದು ನಡೆಸಿದ ವರ್ಚುವಲ್ ಸರ್ವರ್, ಈ ಮೂರನ್ನೂ ತೊಗರಿಯ ಹಂಗಾಮಿನಲ್ಲೂ ಹಂಗಾಮು ಇಲ್ಲದ ದಿನಗಳಲ್ಲೂ ಬಳಸಿದ್ದೇವೆ. ಈ ಭಾಗದ ಮಿಲ್ಲು, ಗೋದಾಮು, ಅಡತ್ (ದಲಾಲಿ) ಅಂಗಡಿಗಳವರಿಗೆ ನೆರವಾಗಬಹುದೆಂದು ಅವುಗಳ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. "ನಮ್ಮ ವ್ಯಾಪಾರಕ್ಕೆ ಕ್ಲೌಡ್ ಒಳ್ಳೆಯದೋ, ಸ್ವಂತ ಸರ್ವರ್ ಒಳ್ಳೆಯದೋ" ಎಂದು ಇಡೀ ವ್ಯಾಪಾರವನ್ನು ಒಂದೇ ಗಂಟು ಮಾಡಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಒಂದೊಂದು ಕೆಲಸವನ್ನೂ ಬಿಡಿಸಿಟ್ಟು ನೋಡಬೇಕು. ಮಿಲ್ಲಿನ ಅಂಗಳದಲ್ಲಿ ಲಾರಿ, ಚೀಲ, ಯಂತ್ರಗಳನ್ನು ಮುಟ್ಟುವ ಕೆಲಸಕ್ಕೆ ಅಂಗಳದಲ್ಲೇ ಕಂಪ್ಯೂಟರ್ ಇರಬೇಕು. ಎರಡು ಮೂರು ಊರುಗಳಿಂದ ಜನ ತೆರೆದು ನೋಡಬೇಕಾದ ಲೆಕ್ಕಪತ್ರ ಹೊರಗಿರುವುದೇ ಲೇಸು.

ಅಂಗಳದ ಕೆಲಸವೆಂದರೆ ಮೊದಲು ಬರುವುದು ಕಾಟಾ. ಲಾರಿ ತೂಗುವ ನಮ್ಮ ಕಾಟಾದ ಇಂಡಿಕೇಟರ್ ಹಳೆಯ ಬಗೆಯ ಸೀರಿಯಲ್ ಪೋರ್ಟಿನ ತಂತಿಯ ಮೂಲಕ ಪಕ್ಕದ ಕಂಪ್ಯೂಟರಿಗೆ ತೂಕವನ್ನು ಕಳುಹಿಸುತ್ತದೆ. ಅಲ್ಲಿನ ತಂತ್ರಾಂಶ ತುಂಬಿದ ಲಾರಿಯ ತೂಕ, ಖಾಲಿ ಲಾರಿಯ ತೂಕ, ಎರಡರ ವ್ಯತ್ಯಾಸ, ಚೀಲದ ಕಡಿತ ಎಲ್ಲವನ್ನೂ ಸೇರಿಸಿ ಚೀಟಿ ಮುದ್ರಿಸುತ್ತದೆ. ಈ ತಂತ್ರಾಂಶದ ದತ್ತಾಂಶವನ್ನು ಕ್ಲೌಡ್‌ನಲ್ಲಿಡಬಹುದು ಎಂದು ಒಬ್ಬ ಮಾರಾಟ ಪ್ರತಿನಿಧಿ ಹೇಳಿದರು, ತಾಂತ್ರಿಕವಾಗಿ ಅದು ನಿಜವೂ ಹೌದು. ಆದರೆ ಡಿಸೆಂಬರಿನಿಂದ ಮಾರ್ಚಿನವರೆಗೆ ಹೊಸ ತೊಗರಿ ಬರುವ ದಿನಗಳಲ್ಲಿ ಇಂಟರ್ನೆಟ್ ಅರ್ಧ ಗಂಟೆ ಹೋದರೆ ಗೇಟಿನ ಹೊರಗೆ ಲಾರಿಗಳ ಸಾಲು ನಿಲ್ಲುತ್ತದೆ, ಹಮಾಲರು ಕೈಕಟ್ಟಿ ಕೂಡುತ್ತಾರೆ, ಚಾಲಕರು ತಕರಾರು ತೆಗೆಯುತ್ತಾರೆ, ಕೊನೆಗೆ ಕೈಬರಹದ ಚೀಟಿ ಹೊರಡುತ್ತದೆ. ಆ ಚೀಟಿಗಳನ್ನು ಸಂಜೆ ಮತ್ತೆ ಕಂಪ್ಯೂಟರಿಗೆ ಏರಿಸುವಾಗ ಆಗುವ ಹೆಚ್ಚುಕಡಿಮೆಯನ್ನು ಸರಿಪಡಿಸಲು ಮತ್ತೊಂದು ದಿನ ಬೇಕು. ಕಾಟಾಕ್ಕೆ ಬೇಕಾದದ್ದು ವೇಗಕ್ಕಿಂತ ಮುಖ್ಯವಾಗಿ ಎಡೆಬಿಡದ ಲಭ್ಯತೆ, ಅದು ನಮ್ಮ ಊರಿನ ಇಂಟರ್ನೆಟ್ ಲೈನಿನಿಂದ ಇನ್ನೂ ದೊರೆಯುತ್ತಿಲ್ಲ. ಬೇಳೆಯ ಬಣ್ಣ ನೋಡಿ ವಿಂಗಡಿಸುವ ಸಾರ್ಟರ್ ಯಂತ್ರ, ಹಾಜರಾತಿಯ ಬೆರಳಚ್ಚು ಯಂತ್ರ, ಸಿಸಿಟಿವಿ ದಾಖಲೆ, ಇವೂ ಇದೇ ಗುಂಪಿಗೆ ಸೇರುತ್ತವೆ. ಸಿಸಿಟಿವಿಯ ದೃಶ್ಯವನ್ನು ದಿನವಿಡೀ ಹೊರಗೆ ಕಳುಹಿಸುತ್ತಾ ಕುಳಿತರೆ ಲೈನಿನಲ್ಲಿ ಬೇರೆ ಕೆಲಸಕ್ಕೆ ಜಾಗವೇ ಉಳಿಯುವುದಿಲ್ಲ.

ಹಾಗೆಂದು ಅಂಗಳದಲ್ಲಿ ದೊಡ್ಡ ಸರ್ವರ್ ಇಡಬೇಕೆಂದು ನಾನು ಹೇಳಲಾರೆ. ಸ್ವಂತ ಸರ್ವರಿನ ಬೆಲೆಯನ್ನು ನಮ್ಮವರು ಲೆಕ್ಕ ಹಾಕುವ ರೀತಿಯಲ್ಲೇ ಒಂದು ದೊಡ್ಡ ಕೊರತೆಯಿದೆ. ಯಂತ್ರಕ್ಕೆ ಎರಡು ಲಕ್ಷದ ಆಸುಪಾಸು ಕೊಟೇಶನ್ ಬಂದರೆ "ಐದು ವರ್ಷಕ್ಕೆ ಎರಡು ಲಕ್ಷ, ತಿಂಗಳಿಗೆ ಮೂರು ಸಾವಿರದ ಮೇಲೆ ಸ್ವಲ್ಪ" ಎಂದು ಮುಗಿಸಿಬಿಡುತ್ತಾರೆ. ಇಂಥ ಯಂತ್ರ ಸರಾಸರಿ 250 ವಾಟ್ ಬಳಸುತ್ತದೆ ಎಂದು ಹಿಡಿಯಿರಿ. ಹಗಲಿರುಳೂ ನಡೆದರೆ ದಿನಕ್ಕೆ 6 ಯೂನಿಟ್, ತಿಂಗಳಿಗೆ 180 ಯೂನಿಟ್ ಆಗುತ್ತದೆ. ಆ ಕೋಣೆಯ ಎಸಿ ದಿನಕ್ಕೆ 10 ಯೂನಿಟ್ ತೆಗೆದುಕೊಂಡರೆ ತಿಂಗಳಿಗೆ ಇನ್ನೂ 300. ಯೂನಿಟ್ಟಿಗೆ 9 ರೂಪಾಯಿ ದರ ಹಾಕಿದರೂ ತಿಂಗಳಿಗೆ 4,320 ರೂಪಾಯಿ, ಐದು ವರ್ಷಕ್ಕೆ 2,59,200 ರೂಪಾಯಿ. ಯಂತ್ರಕ್ಕೆ ಕೊಟ್ಟಿದ್ದಕ್ಕಿಂತ ಅದನ್ನು ತಣ್ಣಗಿಡುವುದಕ್ಕೆ ಮತ್ತು ನಡೆಸುವುದಕ್ಕೆ ಹೆಚ್ಚು ಹಣ ಹೋಗುತ್ತದೆ. ಇದರ ಮೇಲೆ ವಿಂಡೋಸ್ ಸರ್ವರಿನ ಪರವಾನಗಿ, ಪ್ರತಿ ಬಳಕೆದಾರರಿಗೆ ಬೇರೆ ಪರವಾನಗಿ, ಯುಪಿಎಸ್ ಮತ್ತು ಬ್ಯಾಟರಿಯ ಖರ್ಚು ಇದ್ದೇ ಇದೆ.

ಎಸಿ ಬೇಡವೆಂದರೆ ನಡೆಯುವುದಿಲ್ಲವೇ ಎಂದು ಮಾಲಕರು ಕೇಳಿದ್ದುಂಟು. ಸಾಮಾನ್ಯ ಟವರ್ ಸರ್ವರುಗಳನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ನಡೆಸಬೇಕೆಂದು ತಯಾರಕರೇ ಸೂಚಿಸಿರುತ್ತಾರೆ. ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಬಿಸಿಲೇ 42 ಡಿಗ್ರಿ ಮುಟ್ಟುವಾಗ, ತಗಡಿನ ಶೀಟಿನ ಕೆಳಗಿನ ಮುಚ್ಚಿದ ಕೋಣೆಯ ಗತಿ ಏನಾಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿಗೆ ಇನ್ನೂ ಕಷ್ಟ: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಹೆಚ್ಚಿದಂತೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಆ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಲೆಕ್ಕ. ನಾಲ್ಕು ವರ್ಷ ಬಾಳುತ್ತದೆಂದು ಕೊಂಡ ಬ್ಯಾಟರಿ ಎರಡನೆಯ ಬೇಸಿಗೆಯಲ್ಲೇ ಕೈಕೊಟ್ಟರೆ ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ತೊಗರಿಯ ಸಿಪ್ಪೆ ಬಿಡಿಸುವಾಗ ಏಳುವ ನಯವಾದ ಧೂಳು ಇನ್ನೊಂದು ಶತ್ರು. ಅದು ಫ್ಯಾನಿನ ರೆಕ್ಕೆಗೂ ಹೀಟ್‌ಸಿಂಕಿನ ಸಂದಿಗೂ ಮೆತ್ತಿಕೊಂಡು ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯದಿದ್ದರೆ ಎಸಿ ಇದ್ದರೂ ಯಂತ್ರ ಬಿಸಿಯಾಗುತ್ತದೆ. ಮಿಲ್ಲಿನ ದೊಡ್ಡ ಮೋಟಾರುಗಳು ಚಾಲೂ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆದುಕೊಳ್ಳುವುದರಿಂದ ವೋಲ್ಟೇಜ್ ಕುಸಿಯುತ್ತದೆ. ಆದ್ದರಿಂದ ಸರ್ವರಿಗೆ ಮನೆಯ ಇನ್ವರ್ಟರ್ ಸಾಲದು. ಬಂದ ಕರೆಂಟನ್ನು ಸದಾ ತನ್ನೊಳಗೇ ಪರಿವರ್ತಿಸಿ ಒಂದೇ ಸಮನಾಗಿಸಿ ಕೊಡುವ ಆನ್‌ಲೈನ್ ಯುಪಿಎಸ್ ಬೇಕು, ಅದರ ಬೆಲೆ ಸಾಮಾನ್ಯ ಯುಪಿಎಸ್‌ಗಿಂತ ಬಹಳ ಹೆಚ್ಚು.

ಯಂತ್ರ ಕೆಟ್ಟಾಗ ಬರುವ ತೊಂದರೆಯನ್ನು ಹಣದಲ್ಲಿ ಅಳೆಯುವುದು ಕಷ್ಟ. ವಾರಂಟಿಯ ಕಾಗದದಲ್ಲಿ "ಮರುದಿನವೇ ಸೇವೆ" ಎಂದು ಬರೆದಿದ್ದರೂ, ನಮ್ಮ ಪವರ್ ಸಪ್ಲೈ ಸುಟ್ಟಾಗ ಬಿಡಿಭಾಗ ಹೈದರಾಬಾದಿನಿಂದ ಬರಬೇಕಾಯಿತು, ಅದನ್ನು ಕೂಡಿಸುವ ಇಂಜಿನಿಯರು ಬೇರೊಂದು ದಿನ ಬಂದರು. ಹೈದರಾಬಾದು ಇಲ್ಲಿಗೆ ಸುಮಾರು 220 ಕಿಲೋಮೀಟರ್. ಬೆಂಗಳೂರಿನಲ್ಲಿ ಕುಳಿತು ಮಾರುವವರು ಹೇಳುವ "ಮರುದಿನ" ಇಲ್ಲಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಪಿನ್‌ಕೋಡ್ ಬರೆಸಿ, ಲಿಖಿತವಾಗಿ ಕೇಳಿ ಪಡೆಯಬೇಕು. ಸರ್ವರ್ ಬಲ್ಲ ಹುಡುಗರು ಕಲಬುರಗಿಯಲ್ಲಿ ಇಲ್ಲವೆಂದಲ್ಲ, ಇಂಜಿನಿಯರಿಂಗ್ ಕಾಲೇಜುಗಳಿರುವ ಊರು ಇದು. ಆದರೆ ಚೆನ್ನಾಗಿ ಕಲಿತವರು ಒಂದೆರಡು ವರ್ಷದಲ್ಲಿ ಹೈದರಾಬಾದಿಗೋ ಪುಣೆಗೋ ಹೊರಟುಬಿಡುತ್ತಾರೆ, ಅವರನ್ನು ತಪ್ಪೆನ್ನುವಂತೆಯೂ ಇಲ್ಲ.

ಈ ಕಾರಣಗಳಿಂದ ಅಂಗಳದ ಕೆಲಸಕ್ಕೆ ನಾವು ಟವರ್ ಸರ್ವರನ್ನೇ ಬಿಟ್ಟು, ಫ್ಯಾನ್ ಇಲ್ಲದ ಕೈಗಾರಿಕಾ ಬಗೆಯ ಮಿನಿ ಪಿಸಿಯೊಂದನ್ನು ಕಾಟಾದ ಕೋಣೆಯಲ್ಲಿಟ್ಟಿದ್ದೇವೆ. ಇಂಥವುಗಳಲ್ಲಿ 50 ಡಿಗ್ರಿವರೆಗೆ ನಡೆಯುವಂತೆ ತಯಾರಿಸಿದವು ಸಿಗುತ್ತವೆ, ಒಳಗೆ ತಿರುಗುವ ಭಾಗ ಇಲ್ಲದ್ದರಿಂದ ಧೂಳನ್ನು ಎಳೆದುಕೊಳ್ಳುವುದಿಲ್ಲ, 20 ವಾಟ್ ಬಳಕೆಯೆಂದರೆ ತಿಂಗಳಿಗೆ 15 ಯೂನಿಟ್ಟೂ ದಾಟುವುದಿಲ್ಲ. ಅದೇ ಮಾದರಿಯ ಇನ್ನೊಂದನ್ನು ಎಲ್ಲ ತಂತ್ರಾಂಶ ಹಾಕಿ ಕಪಾಟಿನಲ್ಲಿ ಸಿದ್ಧವಾಗಿಟ್ಟಿದ್ದೇವೆ. ಒಂದು ಕೆಟ್ಟರೆ ಕಾಟಾದ ಗುಮಾಸ್ತರೇ ತಂತಿ ಬದಲಿಸಿ ಕೆಲಸ ಮುಂದುವರಿಸಬಹುದು. ಎರಡರ ಬೆಲೆ ಸೇರಿಸಿದರೂ ಒಂದು ಸರ್ವರಿನ ಅರ್ಧದಷ್ಟಾಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಯತ್ನದಲ್ಲಿ ನಾವು ಮಾಡಿದ ಅತ್ಯುತ್ತಮ ಖರೀದಿ ಇದೇ.

ಈಗ ಲೆಕ್ಕಪತ್ರದ ವಿಷಯ. ನಮ್ಮಲ್ಲಿ ಟ್ಯಾಲಿಪ್ರೈಮ್ ಇದೆ. ಗಂಜಿನ ಅಂಗಡಿ, ಮಿಲ್ಲಿನ ಕಚೇರಿ, ಲೆಕ್ಕಪರಿಶೋಧಕರ ಕಚೇರಿ, ಮಾಲಕರ ಮನೆ, ಇಷ್ಟು ಕಡೆಗಳಿಂದ ಅದನ್ನು ತೆರೆಯಬೇಕಾಗುತ್ತದೆ. ಟ್ಯಾಲಿಯ ದತ್ತಾಂಶ ಫೈಲುಗಳ ರೂಪದಲ್ಲಿರುವುದರಿಂದ, ಆ ಫೋಲ್ಡರನ್ನು ಇಂಟರ್ನೆಟ್ ಮೂಲಕ ಹಂಚಿಕೊಂಡು ಕೆಲಸ ಮಾಡಲು ಹೋದರೆ ನಿಧಾನವಾಗುವುದಲ್ಲದೆ ದತ್ತಾಂಶ ಕೆಡುವ ಭಯವೂ ಇರುತ್ತದೆ. ಆದ್ದರಿಂದ "ಕ್ಲೌಡ್ ಟ್ಯಾಲಿ" ಎಂದು ಮಾರುವ ಸೇವೆಗಳೆಲ್ಲ ಬಹುತೇಕ ಒಂದೇ ಉಪಾಯವನ್ನು ಅನುಸರಿಸುತ್ತವೆ: ಟ್ಯಾಲಿ ಮತ್ತು ಅದರ ದತ್ತಾಂಶ ಎರಡೂ ದೂರದ ಸರ್ವರಿನಲ್ಲೇ ಇರುತ್ತವೆ, ನಮಗೆ ಬರುವುದು ಅದರ ಪರದೆಯ ಚಿತ್ರ ಮಾತ್ರ, ನಮ್ಮಿಂದ ಹೋಗುವುದು ಕೀಲಿಮಣೆಯ ಒತ್ತುಗಳು ಮಾತ್ರ. ಇದಕ್ಕೆ ಭಾರಿ ವೇಗದ ಲೈನ್ ಬೇಕಿಲ್ಲ, ತಡೆಯಿಲ್ಲದ ಲೈನ್ ಬೇಕು. ಕಂಪನಿಗಳ ಕೇಂದ್ರಗಳೂ ಈಗ ದೂರವಿಲ್ಲ. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ, ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, ಗೂಗಲ್ 2017ರಲ್ಲಿ ಮುಂಬೈಯಲ್ಲಿ ಕೇಂದ್ರ ತೆರೆದವು, 2022ರಲ್ಲಿ ಅಮೆಜಾನ್ ಹೈದರಾಬಾದಿಗೂ ಬಂತು. ನಮ್ಮ ಅಂಗಡಿಯಿಂದ ವೋಚರ್ ಹಾಕುವವರಿಗೆ ಪಕ್ಕದ ಕೋಣೆಯ ಸರ್ವರಿಗೂ ಮುಂಬೈಯ ಸರ್ವರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ವ್ಯತ್ಯಾಸ ತಿಳಿಯುವುದು ಸಣ್ಣ ಸಣ್ಣ ಕಡೆಗಳಲ್ಲಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ದೂರದ ಸರ್ವರಿನಿಂದ ಬಿಲ್ ಕಳುಹಿಸಿದರೆ ಸಾಲುಗಳು ಸರಿದು ಮುದ್ರಣವಾಗುತ್ತವೆ. ಇದನ್ನು ಸರಿಪಡಿಸಿಕೊಡಲು ಮರುಮಾರಾಟಗಾರರ ಸಹಾಯವಾಣಿಗೆ ಹಲವು ಬಾರಿ ಕರೆ ಮಾಡಬೇಕಾಯಿತು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇಲ್ಲಿನ ಕಂಪ್ಯೂಟರಿಗೆ ಚುಚ್ಚಿದರೆ ಅಲ್ಲಿನ ಸರ್ವರಿಗೆ ಕಾಣುವಂತೆ ಮಾಡಲು ಬೇರೆ ವ್ಯವಸ್ಥೆ ಬೇಕು, ಎಲ್ಲ ಸೇವೆಗಳಲ್ಲೂ ಅದಿಲ್ಲ. ರೈತರ ಹೆಸರುಗಳನ್ನು ಕನ್ನಡದಲ್ಲಿ ಹಾಕುವ ಅಂಗಡಿಗಳಿಗೆ ಇನ್ನೊಂದು ಮಾತು: ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಫಾಂಟುಗಳಲ್ಲಿ ಬರೆದಿಟ್ಟ ಹೆಸರುಗಳು ಆ ಫಾಂಟ್ ಇಲ್ಲದ ಸರ್ವರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಆದ್ದರಿಂದ ಸ್ಥಳಾಂತರಕ್ಕೆ ಮುಂಚೆಯೇ ಯೂನಿಕೋಡಿಗೆ ಬದಲಿಸಿಕೊಳ್ಳುವುದು ಒಳ್ಳೆಯದು. ಇಷ್ಟು ಬಿಟ್ಟರೆ ಸೇವೆಯ ಬಗ್ಗೆ ದೂರು ಹೇಳುವಂಥದ್ದು ನಮಗೆ ಹೆಚ್ಚೇನೂ ಇಲ್ಲ. ಹೊರ ಊರಿನಲ್ಲಿದ್ದಾಗ ಬಾಕಿ ಪಟ್ಟಿ ನೋಡುವುದಷ್ಟೇ ಮಾಲಕರ ಅಗತ್ಯವಾಗಿದ್ದರೆ ಕ್ಲೌಡ್‌ನ ಬಾಡಿಗೆಯೇ ಬೇಕಿಲ್ಲ; ಟ್ಯಾಲಿಪ್ರೈಮಿನ ವರದಿಗಳನ್ನು ಬ್ರೌಸರಿನಲ್ಲಿ ನೋಡುವ ಸೌಲಭ್ಯ ಚಾಲ್ತಿ ಚಂದಾ ಇರುವವರಿಗೆ ಸಿಗುತ್ತದೆ, ಕಚೇರಿಯ ಕಂಪ್ಯೂಟರ್ ಚಾಲೂ ಇದ್ದರೆ ಸಾಕು. ಮಾರುವವರು ಇದನ್ನು ತಾವಾಗಿ ಹೇಳುವುದಿಲ್ಲ.

ಮರುಮಾರಾಟಗಾರರ ಸೇವೆ ಪ್ರತಿ ಬಳಕೆದಾರರಿಗೆ ತಿಂಗಳಿಗೆ ಏಳೆಂಟು ನೂರು ರೂಪಾಯಿಯಂತೆ ನಮಗೆ ಸಿಕ್ಕಿತು, ಟ್ಯಾಲಿಯ ಪರವಾನಗಿ ಬೇರೆ. ಇದಕ್ಕಿಂತ ಬಹಳ ಅಗ್ಗವಾಗಿ ಕೊಡುತ್ತೇವೆಂದು ಬಂದವರೂ ಇದ್ದರು. ಅಗ್ಗದ ಹಿಂದೆ ಏನಿದೆಯೆಂದು ಕೆದಕಿದಾಗ ತಿಳಿದದ್ದು, ಕೆಲವರು ಒಬ್ಬರ ಬಳಕೆಗೆಂದು ಮಾಡಿದ ವಿಂಡೋಸನ್ನು ತಿದ್ದಿ ಹತ್ತು ಜನರಿಗೆ ಹಂಚುತ್ತಾರೆ, ಮೈಕ್ರೋಸಾಫ್ಟಿನ ಪರವಾನಗಿ ಅದಕ್ಕೆ ಒಪ್ಪುವುದಿಲ್ಲ. ಇನ್ನೊಂದು ಅಪಾಯ ಹೆಚ್ಚು ಗಂಭೀರವಾದದ್ದು. ರಿಮೋಟ್ ಡೆಸ್ಕ್‌ಟಾಪಿನ 3389 ಎಂಬ ಪೋರ್ಟನ್ನು, ಅಂದರೆ ದೂರದಿಂದ ಕಂಪ್ಯೂಟರಿನ ಪರದೆ ತೆರೆಯುವ ಬಾಗಿಲನ್ನು, ಜಗತ್ತಿಗೆಲ್ಲ ತೆರೆದಿಟ್ಟ ಸರ್ವರುಗಳನ್ನು ಹುಡುಕಿ ಪಾಸ್‌ವರ್ಡ್ ಊಹಿಸುವ ತಂತ್ರಾಂಶಗಳು ಇಂಟರ್ನೆಟ್ಟಿನಲ್ಲಿ ಹಗಲಿರುಳು ಓಡುತ್ತಿರುತ್ತವೆ, ಒಳಹೊಕ್ಕವರು ಫೈಲುಗಳಿಗೆ ಬೀಗ ಜಡಿದು ಹಣ ಕೇಳುತ್ತಾರೆ. ಇದು ಕಚೇರಿಯ ಸರ್ವರಿಗೂ ಅಷ್ಟೇ ನಿಜ. ಮನೆಯಿಂದ ಟ್ಯಾಲಿ ನೋಡಲೆಂದು ರೂಟರಿನಲ್ಲಿ ಆ ಪೋರ್ಟ್ ತೆರೆಸಿಕೊಂಡ ಅಂಗಡಿಗಳು ಗಂಜಿನಲ್ಲಿ ಈಗಲೂ ಇವೆ. ವಿಪಿಎನ್ (ಇಂಟರ್ನೆಟ್ಟಿನ ಮೇಲೆ ಗುಪ್ತ ಸಂಕೇತದಲ್ಲಿ ಹಾಯುವ ಖಾಸಗಿ ದಾರಿ) ಮೂಲಕ ಪ್ರವೇಶ, ಮೊಬೈಲಿಗೆ ಬರುವ ಎರಡನೆಯ ಸಂಕೇತ, ಇವೆರಡೂ ಇಲ್ಲದ ಸೇವೆಯನ್ನು ಎಷ್ಟೇ ಅಗ್ಗವಾದರೂ ತೆಗೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮರುಮಾರಾಟಗಾರರನ್ನು ಬಿಟ್ಟು ನೇರವಾಗಿ ದೊಡ್ಡ ಕಂಪನಿಯಲ್ಲೇ ಸರ್ವರ್ ತೆರೆದದ್ದು ಮೂರನೆಯ ಪ್ರಯೋಗ. ನಾಲ್ಕು ಪ್ರೊಸೆಸರ್, 16 ಜಿಬಿ ಮೆಮೊರಿಯ ವಿಂಡೋಸ್ ಯಂತ್ರವನ್ನು ಹಗಲಿರುಳು ನಡೆಸಿದರೆ ತಿಂಗಳಿಗೆ ಇಪ್ಪತ್ತು ಸಾವಿರ ರೂಪಾಯಿಯ ಸುತ್ತಮುತ್ತ ಬಿಲ್ ಬರುತ್ತಿತ್ತು. ಐದು ವರ್ಷಕ್ಕೆ ಗುಣಿಸಿದರೆ ಹನ್ನೆರಡು ಲಕ್ಷ! ಆದರೆ ಈ ಸೇವೆಯ ದೊಡ್ಡ ಗುಣವೆಂದರೆ ಗಂಟೆಯ ಲೆಕ್ಕ. ರಾತ್ರಿ ಮತ್ತು ಭಾನುವಾರ ತಾನಾಗಿ ಬಂದ್ ಆಗುವಂತೆ ಸಮಯ ಕಟ್ಟಿ, ದಿನಕ್ಕೆ 12 ಗಂಟೆಯಂತೆ 26 ದಿನ ನಡೆಸಿದರೆ 720 ಗಂಟೆಯ ಬದಲು 312 ಗಂಟೆಗೆ ಮಾತ್ರ ಯಂತ್ರದ ಬಾಡಿಗೆ ಬೀಳುತ್ತದೆ. ಡಿಸ್ಕಿನ ಬಾಡಿಗೆ ಮಾತ್ರ ಬಂದ್ ಇದ್ದಾಗಲೂ ಓಡುತ್ತಲೇ ಇರುತ್ತದೆ. ಹಂಗಾಮಿನಲ್ಲಿ ಯಂತ್ರವನ್ನು ದೊಡ್ಡದು ಮಾಡಿ ಮಳೆಗಾಲದಲ್ಲಿ ಚಿಕ್ಕದು ಮಾಡುವ ಅನುಕೂಲ ತೊಗರಿಯಂಥ ವ್ಯಾಪಾರಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಅಥವಾ ಮೂರು ವರ್ಷದ ಒಪ್ಪಂದಕ್ಕೆ ದೊಡ್ಡ ರಿಯಾಯಿತಿ ಕೊಡುತ್ತಾರೆ, ಆದರೆ ಒಪ್ಪಿದ ಮೇಲೆ ಬಳಸಲಿ ಬಿಡಲಿ ಹಣ ಕಟ್ಟಬೇಕು, ಅಲ್ಲಿಗೆ ಗಂಟೆಯ ಲೆಕ್ಕದ ಲಾಭ ಹೋಯಿತು. ದರಪಟ್ಟಿ ಡಾಲರಿನಲ್ಲಿರುವುದರಿಂದ ರೂಪಾಯಿ ಕುಸಿದಷ್ಟೂ ಬಿಲ್ ಏರುತ್ತದೆ ಎಂಬುದನ್ನೂ ಮರೆಯಬಾರದು.

ಬೇಳೆಯಂಥ ವ್ಯಾಪಾರದವರಿಗೆ ತಟ್ಟುವ ಒಂದು ತೆರಿಗೆಯ ಅಂಶವಿದೆ, ಇದನ್ನು ಯಾವ ಮಾರಾಟ ಪ್ರತಿನಿಧಿಯೂ ನಮಗೆ ಹೇಳಲಿಲ್ಲ. ಕ್ಲೌಡ್ ಬಿಲ್ಲಿನ ಮೇಲೆ 18 ಶೇಕಡಾ ಜಿಎಸ್‌ಟಿ ಇದೆ. ಉಳಿದ ವ್ಯಾಪಾರಿಗಳು ಆ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ (ಖರೀದಿಯ ಮೇಲೆ ಕಟ್ಟಿದ್ದನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಂಡು) ಹಿಂಪಡೆಯುವುದರಿಂದ ಅದನ್ನು ಖರ್ಚೆಂದು ಎಣಿಸುವುದಿಲ್ಲ. ಆದರೆ 2022ರ ಜುಲೈ 18ರಿಂದ ಲೇಬಲ್ ಹಚ್ಚಿದ 25 ಕಿಲೋವರೆಗಿನ ಪೊಟ್ಟಣಗಳಿಗೆ ತೆರಿಗೆ ಬಂದಿದ್ದರೂ, ದೊಡ್ಡ ಚೀಲಗಳಲ್ಲಿ ಸಗಟಾಗಿ ಹೋಗುವ ಬೇಳೆ ವಿನಾಯಿತಿಯಲ್ಲೇ ಉಳಿಯಿತು. ವಿನಾಯಿತಿ ಪಡೆದ ಮಾರಾಟದ ಪಾಲಿಗೆ ತಕ್ಕಷ್ಟು ಹೂಡುವಳಿ ತೆರಿಗೆಯನ್ನು ಬಿಟ್ಟುಕೊಡಬೇಕೆಂಬುದು ನಿಯಮ. ಹೀಗಾಗಿ ಸಗಟು ಮಾರಾಟವೇ ಹೆಚ್ಚಿರುವ ಮಿಲ್ಲಿಗೆ ಇಪ್ಪತ್ತು ಸಾವಿರದ ಬಿಲ್ ನಿಜವಾಗಿ 23,600 ರೂಪಾಯಿಯವರೆಗಿನ ಖರ್ಚು. ಸರ್ವರ್ ಕೊಂಡರೂ ಇದೇ ನಿಯಮ ಅನ್ವಯಿಸುತ್ತದೆ, ಆದರೆ ಆ ಪೆಟ್ಟು ಒಂದೇ ಸಲ ಬೀಳುತ್ತದೆ. ಆದಾಯ ತೆರಿಗೆಯಲ್ಲಿ ಕ್ಲೌಡ್ ಬಾಡಿಗೆ ಆಯಾ ವರ್ಷದ ಖರ್ಚಾಗಿ ಪೂರ್ತಿ ಕಳೆಯುತ್ತದೆ, ಕಂಪ್ಯೂಟರಿಗೆ ವರ್ಷಕ್ಕೆ 40 ಶೇಕಡಾ ಸವಕಳಿ ಸಿಗುತ್ತದೆ. ಈ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ.

ದೊಡ್ಡ ಕಂಪನಿಯೆಂದರೆ ಎಂದೂ ನಿಲ್ಲುವುದಿಲ್ಲವೆಂಬ ನಂಬಿಕೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕು. ಅಮೆಜಾನ್ ತನ್ನ ಒಪ್ಪಂದದಲ್ಲಿ 99.99 ಶೇಕಡಾ ಲಭ್ಯತೆಯ ಭರವಸೆ ಕೊಡುವುದು ಒಂದಕ್ಕಿಂತ ಹೆಚ್ಚು ಕಟ್ಟಡಗಳಲ್ಲಿ ಸರ್ವರುಗಳನ್ನು ಹಂಚಿ ನಡೆಸುವವರಿಗೆ. ನಮ್ಮಂತೆ ಒಂದೇ ಸರ್ವರ್ ಇಟ್ಟವರಿಗೆ 99.5 ಶೇಕಡಾ ಮಾತ್ರ, ಅಂದರೆ ತಿಂಗಳಿಗೆ ಮೂರೂವರೆ ಗಂಟೆ ನಿಂತರೂ ಮಾತು ತಪ್ಪಿದಂತಾಗುವುದಿಲ್ಲ. ತಪ್ಪಿದಾಗಲೂ ಸಿಗುವುದು ಬಿಲ್ಲಿನಲ್ಲಿ ಒಂದಿಷ್ಟು ಕಡಿತ, ನಿಂತುಹೋದ ವ್ಯಾಪಾರದ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ. 2021ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಕೇಂದ್ರ ಬೆಂಕಿಗೆ ಆಹುತಿಯಾದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರು ದತ್ತಾಂಶವನ್ನೇ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾಸಗಿ ಕ್ಲೌಡ್ ವ್ಯವಸ್ಥೆಯೊಂದು ಗೂಗಲ್ ಕ್ಲೌಡ್‌ನ ಒಂದು ಸಂರಚನಾ ದೋಷದಿಂದ ಅಳಿಸಿಹೋಯಿತು. ಬೇರೊಂದು ಕಂಪನಿಯಲ್ಲಿ ಅವರಿಟ್ಟಿದ್ದ ಬ್ಯಾಕಪ್ ಕೂಡ ಚೇತರಿಕೆಗೆ ನೆರವಾಯಿತು. ಆದ್ದರಿಂದ ಕ್ಲೌಡ್‌ನಲ್ಲಿಟ್ಟದ್ದೇ ಬ್ಯಾಕಪ್ ಎಂದು ತಿಳಿಯುವುದು, ಸರ್ವರಿನಲ್ಲಿ ಎರಡು ಡಿಸ್ಕಿನಲ್ಲೂ ಒಂದೇ ದತ್ತಾಂಶ ಇರುವಂತೆ ಜೋಡಿಸಿ ರೇಡ್ ಮಾಡಿದ್ದೇ ಬ್ಯಾಕಪ್ ಎಂದು ತಿಳಿಯುವುದು, ಎರಡೂ ಸರಿಯಲ್ಲ. ಒಂದು ಡಿಸ್ಕ್ ಸತ್ತರೆ ರೇಡ್ ಕಾಪಾಡುತ್ತದೆ. ಗುಮಾಸ್ತರು ಕಂಪನಿಯ ಫೈಲನ್ನೇ ಅಳಿಸಿದರೆ ಅದು ಎರಡೂ ಡಿಸ್ಕಿನಿಂದ ಒಟ್ಟಿಗೆ ಹೋಗುತ್ತದೆ.

ನಮ್ಮ ಈಗಿನ ಕ್ರಮದಲ್ಲಿ ಟ್ಯಾಲಿಯ ದತ್ತಾಂಶದ ನಕಲು ಪ್ರತಿ ರಾತ್ರಿ ಮರುಮಾರಾಟಗಾರರ ಸರ್ವರಿನಿಂದ ಹೊರಟು, ನಮ್ಮದೇ ಹೆಸರಿನಲ್ಲಿರುವ ಬೇರೊಂದು ಕಂಪನಿಯ ಸಂಗ್ರಹ ಖಾತೆಗೆ ಸೇರುತ್ತದೆ. ಅಲ್ಲಿ ಮೂವತ್ತು ದಿನ ಯಾರೂ, ನಾವೂ ಸಹ, ಅಳಿಸಲಾಗದಂತೆ ಬೀಗ ಹಾಕಿದೆ. ವಾರಕ್ಕೊಮ್ಮೆ ಹಾರ್ಡ್‌ಡಿಸ್ಕಿಗೂ ಇಳಿಸಿ, ತಂತಿ ಕಿತ್ತು ತಿಜೋರಿಯಲ್ಲಿಡುತ್ತೇವೆ. ಇಷ್ಟಕ್ಕೆ ತಿಂಗಳಿಗೆ ತಗಲುವ ಖರ್ಚು ಅಂಗಡಿಯ ಚಹಾದ ಬಿಲ್ಲಿಗಿಂತ ಕಡಿಮೆ. ಮರುಮಾರಾಟಗಾರರು ಅಂಗಡಿ ಮುಚ್ಚಿ ಹೋದರೂ ಲೆಕ್ಕ ನಮ್ಮ ಕೈಯಲ್ಲಿರುತ್ತದೆ, ಜಿಎಸ್‌ಟಿ ಕಾನೂನು ಲೆಕ್ಕದ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕೆನ್ನುವಾಗ ಇದು ಸಣ್ಣ ಮಾತಲ್ಲ.

ಕಾನೂನಿನ ಮಾತು ಬಂದದ್ದರಿಂದ ಇನ್ನೆರಡು ಅಂಶ. ಗಂಜಿನ ಹೆಚ್ಚಿನ ಅಂಗಡಿಗಳು ಪಾಲುದಾರಿಕೆಯ ಫರ್ಮುಗಳು, ಅವುಗಳಿಗೆ ಕಂಪನಿ ಕಾನೂನು ತಟ್ಟುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಮಾತ್ರ 2022ರ ಆಗಸ್ಟ್ ತಿದ್ದುಪಡಿಯಂತೆ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದೊಳಗಿನ ಸರ್ವರಿನಲ್ಲಿ ಇರಬೇಕು, ಮತ್ತು 2023ರ ಏಪ್ರಿಲ್ 1ರಿಂದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕು. ಸರ್ವರ್ ಸಿಂಗಾಪುರದಲ್ಲಿದೆಯೋ ಮುಂಬೈಯಲ್ಲಿದೆಯೋ ಎಂಬ ಪ್ರಶ್ನೆಗೆ ಮರುಮಾರಾಟಗಾರರು ತಡವರಿಸಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ರೈತರ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಇಟ್ಟುಕೊಳ್ಳುವವರೆಲ್ಲ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯತ್ತಲೂ ಗಮನ ಕೊಡಬೇಕು. ಭದ್ರತೆಯಲ್ಲಿ ಎಚ್ಚರ ತಪ್ಪಿದರೆ ಅದರಲ್ಲಿ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಕಾಗದದ ಪ್ರತಿ ಡ್ರಾಯರಿನಲ್ಲಿದ್ದಾಗ ಇಲ್ಲದ ಜವಾಬ್ದಾರಿ ಸ್ಕ್ಯಾನ್ ಮಾಡಿದ ಕೂಡಲೇ ಹುಟ್ಟುತ್ತದೆ. ಅಗತ್ಯವಿಲ್ಲದ್ದನ್ನು ಸ್ಕ್ಯಾನ್ ಮಾಡದಿರುವುದೇ ಉತ್ತಮ.

ಕ್ಲೌಡ್‌ಗೆ ಹೋಗುವವರು ಸರ್ವರಿಗೆ ಉಳಿಸಿದ ಹಣದಲ್ಲಿ ಒಂದು ಪಾಲನ್ನು ಲೈನಿಗೆ ಹಾಕಬೇಕು. ಎರಡು ಕಂಪನಿಗಳ ಫೈಬರ್ ತೆಗೆದುಕೊಂಡರೆ ಸಾಕೆಂದು ಕಾಣುತ್ತದೆ. ಆದರೆ ಎರಡೂ ಒಂದೇ ಕಂಬಗಳ ಮೇಲೆ ಬಂದಿದ್ದರೆ ರಸ್ತೆ ಅಗೆತಕ್ಕೋ ಗಾಳಿಮಳೆಗೋ ಎರಡೂ ಒಟ್ಟಿಗೆ ತುಂಡಾಗುತ್ತವೆ, ನಮ್ಮಲ್ಲಿ ಹಾಗೇ ಆಯಿತು. ಈಗ ಒಂದು ಫೈಬರ್, ಒಂದು 4ಜಿ ಸಿಮ್, ಎರಡರ ನಡುವೆ ತಾನಾಗಿ ಬದಲಾಗುವ ರೂಟರ್ ಇವೆ. ಪರದೆಯ ಚಿತ್ರವಷ್ಟೇ ಓಡಾಡುವ ಟ್ಯಾಲಿ ಕೆಲಸಕ್ಕೆ ಸಿಮ್ ಸಾಕಾಗುತ್ತದೆ. ರೂಟರಿಗೂ ಮನೆಬಳಕೆಯ ಸಣ್ಣ ಯುಪಿಎಸ್ ಇರಲಿ. ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಹಾಕಿ ರೂಟರನ್ನು ನೇರ ಕರೆಂಟಿಗೆ ಬಿಟ್ಟಿರುವ ಅಂಗಡಿಗಳೇ ಹೆಚ್ಚು.

ಒಬ್ಬರೇ ಕುಳಿತು ಲೆಕ್ಕ ಬರೆಯುವ ಅಡತ್ ಅಂಗಡಿಗೆ ಇದಾವುದೂ ಬೇಡ; ಒಳ್ಳೆಯ ಕಂಪ್ಯೂಟರ್ ಒಂದು, ಮೇಲೆ ಹೇಳಿದ ಬ್ಯಾಕಪ್ ಕ್ರಮ, ಇಷ್ಟೇ ಸಾಕು. ಎರಡು ಮೂರು ಕಡೆ ಕಚೇರಿ, ನಾಲ್ಕರಿಂದ ಹತ್ತು ಬಳಕೆದಾರರು ಇರುವ ನಮ್ಮಂಥವರಿಗೆ ಬಳಕೆದಾರರ ಲೆಕ್ಕದ ಬಾಡಿಗೆ ಟ್ಯಾಲಿಯೇ ಕೈಗೆಟುಕುವ ದಾರಿ, ಕಾಟಾದಂಥ ಕೆಲಸ ಮಿನಿ ಪಿಸಿಯಲ್ಲಿ ಸ್ಥಳೀಯವಾಗಿಯೇ ಇರಲಿ. ದೊಡ್ಡ ಕಂಪನಿಯಲ್ಲಿ ಸ್ವಂತ ಸರ್ವರ್ ತೆರೆಯುವುದು ಅದನ್ನು ನೋಡಿಕೊಳ್ಳುವ ಒಬ್ಬರು ಸಂಬಳದ ಮೇಲೆ ಇರುವವರಿಗೆ ಮಾತ್ರ ಹೊಂದುತ್ತದೆ. ಭದ್ರತಾ ತಿದ್ದುಪಡಿ, ಪಾಸ್‌ವರ್ಡ್, ಬಿಲ್ಲಿನ ಮೇಲ್ವಿಚಾರಣೆ ಎಲ್ಲವೂ ನಮ್ಮ ತಲೆಯ ಮೇಲೇ ಇರುತ್ತವೆಂದು ತಿಳಿದು ನಾವು ಅದನ್ನು ಮುಚ್ಚಿದೆವು. ಇನ್ನು ಹಗಲಿರುಳೂ ಒಂದೇ ಸಮನೆ ಭಾರಿ ಕೆಲಸವಿರುವ, ಸ್ವಂತ ತಂತ್ರಜ್ಞರಿರುವ ದೊಡ್ಡ ಸಂಸ್ಥೆಗಳಿಗೆ ಸ್ವಂತ ಯಂತ್ರವೇ ಅಗ್ಗವಾಗಬಹುದು. 37ಸಿಗ್ನಲ್ಸ್ ಎಂಬ ಅಮೆರಿಕದ ತಂತ್ರಾಂಶ ಕಂಪನಿ 2022ರಲ್ಲಿ ಕ್ಲೌಡ್ ಬಿಡುವುದಾಗಿ ಘೋಷಿಸಿ ಸ್ವಂತ ಸರ್ವರುಗಳಿಗೆ ಮರಳಿದ್ದು ಈ ಲೆಕ್ಕದ ಮೇಲೆಯೇ. ಅವರ ಲೆಕ್ಕವನ್ನು ಕಪನೂರಿಗೆ ತಂದು ಹಾಕಬಾರದು, ಅವರ ಕಪಾಟುಗಳು ವೃತ್ತಿಪರ ದತ್ತಾಂಶ ಕೇಂದ್ರದಲ್ಲಿವೆ, ಬೇಳೆಯ ಧೂಳಿನಲ್ಲಿ ಇಲ್ಲ.

ಯಾವುದನ್ನು ಆರಿಸಿದರೂ ಸ್ಥಳಾಂತರವನ್ನು ಜೂನಿನಿಂದ ಸೆಪ್ಟೆಂಬರಿನ ನಡುವೆ, ಆವಕ ತೆಳುವಾಗಿರುವಾಗ ಮಾಡಿ ಮುಗಿಸಬೇಕು. ಹಳೆಯ ಮತ್ತು ಹೊಸ ವ್ಯವಸ್ಥೆ ಒಂದು ತಿಂಗಳು ಜೊತೆಜೊತೆಯಾಗಿ ನಡೆಯಲಿ, ಪ್ರತಿ ಸಂಜೆ ಎರಡರ ನಗದು ಮತ್ತು ದಾಸ್ತಾನಿನ ಶಿಲ್ಕು ತಾಳೆಯಾಗಲಿ. ಬ್ಯಾಕಪ್ಪಿನಿಂದ ಒಂದು ಸಲ ಪೂರ್ತಿ ಲೆಕ್ಕವನ್ನು ಬೇರೆ ಕಂಪ್ಯೂಟರಿನಲ್ಲಿ ಮರಳಿ ತೆರೆದು ನೋಡಿದ ಮೇಲೆಯೇ ಹಳೆಯ ಡಿಸ್ಕನ್ನು ಅಳಿಸಲು ಒಪ್ಪಿಗೆ ಕೊಡಿ.